ರಾಜ ಊಟಕ್ಕೆ ಕೂತಾಗ

ನಮ್ಮ ಮನೆಯಲ್ಲಿ ಕಥೆ ಹೇಳುವವನಿಗಿಂತ ‘ಹೂಂ’ ಅನ್ನುವವನಿಗೆ ಮರ್ಯಾದೆ ಹೆಚ್ಚಿತ್ತು. ಹೇಳುವವನು ಒಬ್ಬನೇ, ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ. ಹೂಂ ಅನ್ನುವವನೂ ಒಬ್ಬನೇ, ನಾನು. ಕೇಳುವವರು ಮಾತ್ರ ಪಡಸಾಲೆ ತುಂಬ. ಎಷ್ಟು ಮಂದಿ ಕೂಡಿದ್ದರೂ ಎದುರಿಗೆ ಹೂಂ ಅನ್ನುವವನು ಇಲ್ಲದಿದ್ದರೆ ಮುತ್ಯಾ ಬಾಯಿ ಬಿಡುತ್ತಿರಲಿಲ್ಲ. ಹೂಂ ಇಲ್ಲದೆ ಹೇಳಿದ ಕಥೆಯೊಳಗಿನ ಮಂದಿ ದಾರಿ ತಪ್ಪಿ ಎಲ್ಲಿಗೋ ಹೋಗಿಬಿಡುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ. ಒಮ್ಮೆ ನನಗೆ ಜ್ವರ ಬಂತು. ಆವತ್ತು ಬಾವಿಗೆ ಇಳಿದಿದ್ದ ರಾಜಕುಮಾರಿ ನನ್ನ ಜ್ವರ ಬಿಡುವ ತನಕ ಬಾವಿಯಲ್ಲೇ ಇದ್ದಳು. ಓಣಿಯ ಹೆಂಗಸರು ನನ್ನನ್ನು ನೋಡಲು ಬಂದು, ಹಣೆ ಮುಟ್ಟಿ, “ಲಗೂನ ಆರಾಮ ಆಗಪ್ಪಾ, ಆ ಹುಡುಗಿ ಪಾಪ ನೀರಾಗ ನಿಂತಾಳ” ಎಂದು ಹೇಳಿ ಹೋಗುತ್ತಿದ್ದರು. ನನ್ನ ಜ್ವರದ ಚಿಂತೆ ಅವ್ವನೊಬ್ಬಳಿಗೆ ಇತ್ತು ಎಂದು ಕಾಣುತ್ತದೆ.

ಆ ಮುತ್ಯಾ ಹೋಗಿ ಎಷ್ಟೋ ಕಾಲವಾಯಿತು. ಈಗ ನಾನೇ ಮೊಮ್ಮಗಳಿರುವ ಮುದುಕ. ಕಲಿತದ್ದು ಮರಾಠಿ ಶಾಲೆಯ ನಾಲ್ಕನೆಯ ಇಯತ್ತೆಯ ತನಕ, ಆಮೇಲೆ ತಕ್ಕಡಿ ಹಿಡಿದೆ. ಇಂಥವನು ಪೆನ್ನು ಹಿಡಿದು ಕೂತಿದ್ದಾನೆಂದರೆ ಏನೋ ಆಗಿರಬೇಕು ಎಂದು ನೀವು ತಿಳಿಯಬೇಕು. ಆಗಿದೆ. ನನ್ನ ಮೊಮ್ಮಗಳು ಶ್ರದ್ಧಾ ಕಥೆ ಬರೆಯುತ್ತಾಳೆ. ಬರೆಯುತ್ತಾಳೆ ಅಂದೆನೇ? ಬರೆಯುವುದನ್ನೇ ಬಿಟ್ಟೆ ಎಂದು ಹಟ ಹಿಡಿದು ಕೂತಿದ್ದಳು, ಅದೂ ಉದಗೀರದಲ್ಲಿ ಮಂದಿಯ ಮುಂದೆ ಕಥೆ ಓದಬೇಕಾದ ರವಿವಾರ ಹತ್ತಿರ ಬಂದಾಗ. ಆ ರವಿವಾರ ಏನಾಯಿತೆಂದು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿ ಒಡೆಯುತ್ತದೆ. ಆದರೆ ಅದನ್ನು ಹೇಳಬೇಕಾದರೆ ಗಡಿಯ ಈಚೆ, ಮರಾಠಿ ಸೀಮೆಯಲ್ಲಿರುವ ಕಾಸಾರಶಿರಸಿಯ ನಮ್ಮ ಹಳೆಯ ಮನೆಯ ಬೆಳಕಿಂಡಿಯ ಕೆಳಗಿನಿಂದಲೇ ಶುರು ಮಾಡಬೇಕು. ಹೂಂ ಅನ್ನಿರಿ.

ಮನೆ ಅಂದರೆ ಮುಂದೆ ಕಿರಾಣಿ ಅಂಗಡಿ, ಹಿಂದೆ ನಾವು. ಅಂಗಡಿ ದಾಟಿದರೆ ಪಡಸಾಲೆ, ಪಡಸಾಲೆಯ ಒಂದು ಮೂಲೆಗೆ ದೇವರ ಜಗಲಿ, ಇನ್ನೊಂದು ಮೂಲೆಗೆ ತೊಗರಿ, ಕಡಲೆ, ಜೋಳದ ಚೀಲಗಳು. ದೇವರೂ ದವಸವೂ ಒಂದೇ ಸೂರಿನ ಕೆಳಗೆ ಎದುರುಬದುರು. ಅದರಾಚೆ ಅಡುಗೆಮನೆ. ಮಣ್ಣಿನ ಮಾಳಿಗೆಯಾದ್ದರಿಂದ ಒಳಗೆ ಹಗಲಲ್ಲೂ ಕತ್ತಲೆ. ಪಡಸಾಲೆಯ ನಡುವೆ ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು. ಮಧ್ಯಾಹ್ನದ ಊಟವಾಗಿ ಅಂಗಡಿಯಲ್ಲಿ ನೊಣ ಮಾತ್ರ ಉಳಿದ ಹೊತ್ತಿಗೆ ಅದರಿಂದ ಬಿಸಿಲು ಒಂದು ಕಂಬಳಿಯಷ್ಟು ಅಗಲ ನೆಲಕ್ಕೆ ಬೀಳುತ್ತಿತ್ತು. ಆ ಬಿಸಿಲೊಳಗೆ ಮುತ್ಯಾ ಅಡ್ಡಪೀಠ ಇಟ್ಟು ಪುಸ್ತಕ ತೆರೆಯುತ್ತಿದ್ದ. ನಮ್ಮ ಮನೆಯಲ್ಲಿದ್ದ ಕನ್ನಡ ಪುಸ್ತಕ ಅದೊಂದೇ. ಶರಣರ ಕಥೆ, ರಾಜರ ಕಥೆ ಎಲ್ಲ ಇದ್ದ ಹಳೆಯ ಪುರಾಣ. ಹೊದಿಕೆ ಹರಿದುಹೋಗಿ ಹೆಸರು ಯಾರಿಗೂ ಗೊತ್ತಿರಲಿಲ್ಲ. ಪುಸ್ತಕ ಅಂದರೆ ಅದೇ ಪುಸ್ತಕ. ಶ್ರಾವಣ ಬಂತೆಂದರೆ ಅದಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ದಿನವೂ ಓದು. ಓಣಿಯ ಹೆಂಗಸರು ಬತ್ತಿ ಹೊಸೆಯುತ್ತ, ಬೇಳೆ ಆರಿಸುತ್ತ ಸುತ್ತ ಕೂಡುವರು. ಹೂಂ ಅನ್ನುವವನು ಮಾತ್ರ ಪೀಠದ ಆಚೆ, ಮುತ್ಯಾನ ಮುಖಕ್ಕೆ ಮುಖ ಕೊಟ್ಟು ಕೂಡಬೇಕು. ಬಾಜೂಕ್ಕೆ ಕೂತು ಹೂಂ ಅಂದರೆ ಕಥೆ ಓರೆಯಾಗುತ್ತದಂತೆ.

ಹೀಗಾಗಿ ನಾನು ಕನ್ನಡ ಅಕ್ಷರಗಳನ್ನು ನೋಡಿದ್ದೆಲ್ಲ ತಲೆಕೆಳಗಾಗಿಯೇ. ಶಾಲೆಯಲ್ಲಿ ಮರಾಠಿ, ಅದು ಸರಿಯಾಗಿಯೇ ನಿಂತಿರುತ್ತಿತ್ತು. ಕನ್ನಡವನ್ನು ಯಾರೂ ಕಲಿಸಲಿಲ್ಲ. ಮುತ್ಯಾ ಸಾಲಿನ ಕೆಳಗೆ ಬೆರಳು ಎಳೆಯುತ್ತ ಓದುತ್ತಿದ್ದ, ನಾನು ಹೂಂ ಅನ್ನುತ್ತ ಬೆರಳನ್ನು ನೋಡುತ್ತಿದ್ದೆ. ನನಗೆ ಮೊದಲ ಸಾಲು ಎಲ್ಲಕ್ಕಿಂತ ಕೆಳಗೆ, ಕೊನೆಯ ಸಾಲು ಎಲ್ಲಕ್ಕಿಂತ ಮೇಲೆ, ಬೆರಳು ಬಲದಿಂದ ಎಡಕ್ಕೆ. ಒಂದು ಶ್ರಾವಣದಲ್ಲಿ ‘ಶಿವ’ ಅನ್ನುವುದು ಹೇಗಿರುತ್ತದೆಂದು ತಿಳಿಯಿತು, ಅದರ ಮುಂದಿನ ಶ್ರಾವಣದಲ್ಲಿ ಸಾಲುಗಳು ತಾವೇ ಬಾಯಿ ಬಿಟ್ಟವು. ಲೋಕದ ಕನ್ನಡವೆಲ್ಲ ಹಾಗೇ ಇರುತ್ತದೆ ಎಂದೇ ನಾನು ತಿಳಿದಿದ್ದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನೂ ಇದೆ ಎಂದು ಅನ್ನಿಸಲಿಲ್ಲ.

ಗೊತ್ತಾದದ್ದು ತೊಗರಿಯಿಂದ. ಗಡಿಯಾಚೆಯಿಂದ ಬರುವ ಗಿರಾಕಿಗಳಿಗೆ ತಿಳಿಯಲೆಂದು ಚೀಲದ ಮೇಲೆ ಕನ್ನಡದಲ್ಲೂ ಬರೆಯಬೇಕು ಎಂದು ಅಪ್ಪ ಅಂದುಕೊಳ್ಳುತ್ತಿದ್ದ, ಕೈ ಬಿಡುವಾಗುತ್ತಿರಲಿಲ್ಲ. ಅವನು ಉದಗೀರದ ಮೊಂಡಾಕ್ಕೆ, ಅಂದರೆ ಕಾಳಿನ ಪೇಟೆಗೆ ಹೋದ ದಿನ, ಉಪಕಾರ ಮಾಡೋಣವೆಂದು ನಾನೇ ಕಾವಿ ಕಲಸಿ, ಕಡ್ಡಿಗೆ ಅರಿವೆ ಸುತ್ತಿ, ಹೊಸದಾಗಿ ಬಂದು ನಿಂತಿದ್ದ ಚೀಲಗಳ ಮೇಲೆಲ್ಲ ‘ತೊಗರಿ’ ಎಂದು ದೊಡ್ಡದಾಗಿ ಬರೆದೆ. ನನಗೆ ಗೊತ್ತಿದ್ದ ಕನ್ನಡದಲ್ಲಿ ಬರೆದೆ. ಬಲದಿಂದ ಎಡಕ್ಕೆ, ತಲೆ ಕೆಳಗೆ, ಕಾಲು ಮೇಲೆ. ಅಪ್ಪ ಬಸ್ಸಿಳಿದು ಬಂದವನು ಹೊಸ್ತಿಲಲ್ಲೇ ನಿಂತು ನೋಡಿ ಹೌಹಾರಿದ.

“ಲೇ ಶಿವ್ಯಾ! ಚೀಲೆಲ್ಲ ಉಲ್ಟಾ ಇಟ್ಟೀರಲ್ಲೋ! ಕಣ್ಣು ಎಲ್ಲಿಟ್ಟಿದ್ರಿ?”

ಶಿವ್ಯಾ ನಮ್ಮ ಹಮಾಲ. ಅವನು ಚೀಲ ನೋಡಿದ, ಅಪ್ಪನನ್ನು ನೋಡಿದ.

“ಸಾವಕಾರ್ರ, ಬಾಯಿ ಮ್ಯಾಗೇ ಅದರೀ.”

“ಬಾಯಿ ಬಿಡೋ, ಅಕ್ಷರ ನೋಡು! ಅಕ್ಷರ ಎಂದರ ಸುಳ್ಳ ಹೇಳ್ತದೇನು? ಹೂಂ, ತಿರುವು!”

ಸಾಹುಕಾರ ಹೇಳಿದ ಮೇಲೆ ಮುಗಿಯಿತು. ಶಿವ್ಯಾ ಮೊದಲ ಚೀಲವನ್ನು ತಬ್ಬಿ ತಿರುವಿ ನಿಲ್ಲಿಸಿದ. ಅಕ್ಷರ ಸೆಟೆದು ನಿಂತವು. ಚಿಲ್ಲರೆ ಮಾರಲೆಂದು ಬಾಯಿಗೆ ಬರೀ ಸುತಳಿ ಸುತ್ತಿದ್ದ ಚೀಲ ಅದು. ಒಂದು ಕ್ಷಣ ತಡೆದು, ಆಮೇಲೆ ಬುಸ್ ಎಂದಿತು. ತೊಗರಿ ಪಡಸಾಲೆ ತುಂಬಿ, ದೇವರ ಜಗಲಿಗೆ ತಾಗಿ, ಹೊಸ್ತಿಲು ದಾಟಿ ಅಂಗಡಿಗೆ ಹರಿಯಿತು. ಅಪ್ಪ ತೊಗರಿಯಲ್ಲಿ ಪಾದ ಮುಳುಗಿಸಿಕೊಂಡು, “ಬರದಾಂವ ಯಾಂವ?” ಎಂದು ಗುಡುಗಿದ. ನಾನು ಅವ್ವನ ಸೆರಗಿನ ಹಿಂದೆ. ಅಷ್ಟರಲ್ಲಿ ಮುತ್ಯಾ ಬಂದ. ಇನ್ನೂ ತಿರುವದೆ ಇದ್ದ ಚೀಲದ ಮುಂದೆ ಬಗ್ಗಿದ, ಕತ್ತು ಒಂದು ಕಡೆಗೆ ವಾಲಿಸಿದ, ಸಾಲಲಿಲ್ಲ. ಬೆನ್ನು ತಿರುಗಿಸಿ ನಿಂತು, ಧೋತರ ಎತ್ತಿ ಕಟ್ಟಿ, ಕಾಲ ಸಂದಿನಿಂದ ನೋಡಿದ. ಅಷ್ಟು ವಯಸ್ಸಿನ ಹಿರಿಯ, ಹಣೆ ತುಂಬ ವಿಭೂತಿ, ಆ ಭಂಗಿಯಲ್ಲಿ ನಿಂತು ಕೂಗಿದ:

“ತೊ-ಗ-ರಿ! ಲೇ, ಬರೋಬರಿ ಅದ! ಒಂದಕ್ಷರಾ ತಪ್ಪಿಲ್ಲ! ನನ್ನ ಕೂಸು ಓದಲಕ ಕಲತದ!”

ಮನೆಯಲ್ಲಿ ಅವನಿಗೆ ಎದುರುತ್ತರ ಕೊಡುವ ಧೈರ್ಯ ನೀಲಮ್ಮತ್ತಿಗೆ ಮಾತ್ರ ಇತ್ತು. ನೀಲಮ್ಮತ್ತಿ ಮುತ್ಯಾನ ಮಗಳು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಮನೆಯ ಕೀಲಿಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು. ಅವಳೆಂದಳು:

“ಯಪ್ಪಾ, ಮೊದಲ ನೆಟ್ಟಗ ನಿಂದ್ರು. ಆಮ್ಯಾಗ ಎಲ್ಲಾರೂ ಕೂಡಿ ತೊಗರಿ ಬಳ್ಯಾಮು. ಆಮ್ಯಾಗ ನಿನ್ನ ಕೂಸಿಗಿ ಆರತಿ ಮಾಡು.”

ಮರುದಿನ ಮುತ್ಯಾ ನನ್ನನ್ನು ತನ್ನ ಕಡೆ ಕೂಡಿಸಿಕೊಂಡು, ಪುಸ್ತಕ ಮುಂದಿಟ್ಟು, ಓದು ಅಂದ. ನನಗೆ ಒಂದಕ್ಷರವೂ ಹತ್ತಲಿಲ್ಲ. ಪರಿಚಯದವರೆಲ್ಲ ಮುಖ ತಿರುಗಿಸಿಕೊಂಡು ನಿಂತಂತೆ ಇತ್ತು. ಅಳು ಬಂತು. ಎದ್ದು ಪೀಠದ ಆಚೆ ಹೋಗಿ ನನ್ನ ಜಾಗದಲ್ಲಿ ಕೂತೆ, ಗಡಗಡ ಓದಿದೆ. ಮುತ್ಯಾ ನಕ್ಕು ನಕ್ಕು ಕೆಮ್ಮಿದ. “ಇರಲಿ ಬಿಡು. ಪುಸ್ತಕಕ್ಕ ಎರಡು ಬಾಜೂ ಅದಾವ. ನಂದು ಇತ್ಲಾಗ, ನಿಂದು ಅತ್ಲಾಗ” ಅಂದ. ಸರಿಯಾಗಿ ಓದುವುದನ್ನು ಆಮೇಲೆ ಕಲಿತೆ. ಆದರೆ ಓದಿನ ರುಚಿ ನನಗೆ ಇವತ್ತಿಗೂ ಅತ್ತಲಿನಿಂದಲೇ. ಅಂಗಡಿಗೆ ಕೂತ ಕಾಲದಲ್ಲಿ ನಿಲಂಗಾದಿಂದ, ಉದಗೀರದಿಂದ, ಯಾರೋ ಕೊಟ್ಟ, ಎಲ್ಲೋ ಸಿಕ್ಕ ಕಾದಂಬರಿಗಳನ್ನೆಲ್ಲ ತಂದು ಓದಿದೆ. ಪುಟಕ್ಕೆ ಪುಟ ಓಡುವ ಕಥೆಯಾದರೆ ನೆಟ್ಟಗೆ ಹಿಡಿದು ಓದುತ್ತೇನೆ. ಬಹಳ ಚೆನ್ನಾಗಿದ್ದರೆ, ಬೇಗ ಮುಗಿಯಬಾರದೆಂದು, ತಿರುಗಿಸಿ ಹಿಡಿಯುತ್ತೇನೆ. ಬಸ್ಸಿನಲ್ಲಿ ಒಮ್ಮೆ ಒಬ್ಬ ಕಾಲೇಜು ಹುಡುಗ ಬಹಳ ಮರುಕದಿಂದ, “ಆಜೋಬಾ, ಪುಸ್ತಕ ಉಲಟಂ ಆಹೇ”, ಅಜ್ಜಾ, ಪುಸ್ತಕ ತಲೆಕೆಳಗಾಗಿದೆ ಎಂದು ಮರಾಠಿಯಲ್ಲಿ ಹೇಳಿ ತಾನೇ ಸರಿಮಾಡಿ ಕೊಟ್ಟ. ಮುದುಕನಿಗೆ ಅಕ್ಷರ ಬಾರದು, ದೊಡ್ಡಸ್ತಿಕೆಗೆ ಹಿಡಿದಿದ್ದಾನೆ ಎಂದುಕೊಂಡ, ಪಾಪ. ಅವನು ಇಳಿಯುವ ತನಕ ಅವನ ಮರ್ಯಾದೆಗೆ ನೆಟ್ಟಗೆ ಓದಿದೆ.

ಕಥೆಗೆ ಬರುತ್ತೇನೆ. ಓದಲು ಬಂತಲ್ಲ, ಆಗ ನನಗೊಂದು ವಿಷಯ ಕಂಡಿತು. ಮುತ್ಯಾನ ಕಥೆಯಲ್ಲಿ ರಾಜರು ಊಟ ಮಾಡುತ್ತಿದ್ದರು. ಬಹಳ ಹೊತ್ತು ಮಾಡುತ್ತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಲೆ, ಹಿಂಡಿ ಅನ್ನುವ ಶೇಂಗಾ ಚಟ್ನಿಪುಡಿ, ಝುಣಕ, ಮೇಲೆ ಹೋಳಿಗೆ. ಕೇಳುತ್ತ ಕೂತ ಹೆಂಗಸರಿಗೆ ಆಗಷ್ಟೇ ಉಂಡಿದ್ದರೂ ಮತ್ತೆ ಹಸಿವೆಯಾಗುತ್ತಿತ್ತು. ಆದರೆ ಪುಸ್ತಕದಲ್ಲಿ ನೋಡಿದರೆ ಯಾವ ರಾಜನೂ ಊಟಕ್ಕೆ ಕೂತಿರಲಿಲ್ಲ. ರಾಜ ಎಲ್ಲಿ ಉಣ್ಣುತ್ತಿದ್ದನೋ ಅಲ್ಲಿ ಪುಟದಲ್ಲಿ ಗೆದ್ದಲು ತಿಂದ ತೂತು ಇರುತ್ತಿತ್ತು. ಕೆಲವು ಕಡೆ ಅಂಗೈಯಗಲ, ಕೆಲವು ಕಡೆ ಪುಟಕ್ಕೆ ಪುಟವೇ ಮಣ್ಣು. ತೂತು ಬಂದ ಕೂಡಲೆ ಮುತ್ಯಾ ಬೆರಳನ್ನು ಎತ್ತದೆ, ದನಿಯನ್ನು ಬದಲಿಸದೆ, “ಆವಾಗ ರಾಜಾ ಊಟಕ್ಕ ಕುಂತ” ಅನ್ನುತ್ತಿದ್ದ. ರಾಜ ಉಣ್ಣುವಷ್ಟರಲ್ಲಿ ತೂತಿನ ಆಚೆ ದಡದ ತನಕ ಮನಸ್ಸಿನಲ್ಲೇ ಸೇತುವೆ ಕಟ್ಟುತ್ತಿದ್ದ. ಕಟ್ಟಿ ಮುಗಿದರೆ ರಾಜ ಕೈ ತೊಳೆದು ಏಳುತ್ತಿದ್ದ. ನನಗೆ ಸಿಟ್ಟು ಬರಲಿಲ್ಲ, ಮೋಸ ಅನ್ನಿಸಲೂ ಇಲ್ಲ. ಮೈಯೆಲ್ಲ ಜುಮ್ಮೆಂದಿತು. ಕಥೆ ಅನ್ನುವುದು ಎಲ್ಲೋ ಮೇಲಿನಿಂದ ಬರುವುದಲ್ಲ, ನನ್ನ ಎದುರಿಗೆ ಕೂತ, ಮೂಗಿನೊಳಗೆ ಕೂದಲಿರುವ, ಊಟವಾದ ಮೇಲೆ ತೇಗುವ ನಮ್ಮ ಮುತ್ಯಾನೂ ಮಾಡಬಹುದಾದದ್ದು! ಗೆದ್ದಲಿಗೆ ನಾನು ಇವತ್ತಿಗೂ ಋಣಿ.

ಶ್ರಾವಣದ ಕೊನೆಯ ಸೋಮವಾರ ಉಮರ್ಗಾದಿಂದ ಬೀಗರು ಬಂದರು. ಬೀಗರ ಹಿರಿಯ ತಾನೂ ಪುರಾಣ ಓದುವವ, ತನ್ನ ಊರಲ್ಲಿ ತನಗಿಂತ ಬಲ್ಲವರಿಲ್ಲ ಎಂದು ತಾನೇ ಹೇಳಿಕೊಳ್ಳುವವ. ಆವತ್ತು ಅವನು ಎಲ್ಲರಂತೆ ದೂರ ಕೂಡಲಿಲ್ಲ. ಮುತ್ಯಾನ ಮಗ್ಗುಲಲ್ಲೇ ಕೂತು ಪುಸ್ತಕದೊಳಕ್ಕೆ ಇಣುಕತೊಡಗಿದ. ಓದುತ್ತ ಓದುತ್ತ ನಾವು ಒಂದು ದೊಡ್ಡ ತೂತಿನ ದಡಕ್ಕೆ ಬಂದೆವು. ರಾಜ ಸಿಟ್ಟಿನಲ್ಲಿ ರಾಣಿಯನ್ನು ಹೊರಗೆ ಹಾಕಿದ್ದಾನೆ, ಮುಂದೆ ಪುಟವೇ ಇಲ್ಲ. ಮುತ್ಯಾ ಅಂಗೈಯಿಂದ ತೂತನ್ನು ಮುಚ್ಚಿಕೊಂಡು ರಾಜನನ್ನು ಊಟಕ್ಕೆ ಕೂಡಿಸಿದ. ರೊಟ್ಟಿ ಬಂತು, ಪಲ್ಲೆ ಬಂತು, ಹಿಂಡಿ ಬಂತು, ಹೋಳಿಗೆ ಮಾತ್ರ ಉಳಿಯಿತು. ಮಗ್ಗುಲಲ್ಲಿ ಬೀಗ ಇದ್ದನಲ್ಲ, ಸೇತುವೆ ಕಟ್ಟುವುದಕ್ಕೆ ಆಗವಲ್ಲದು. ಬೆವರು ಮೂಗಿನ ತುದಿಗೆ ಬಂತು. ರಾಜನ ತಾಟಿಗೆ ಮುತ್ಯಾ ಭಜ್ಜಿಯನ್ನೂ ಹಾಕಿದ. ಭಜ್ಜಿ ಅಂದರೆ ಚಳಿಗಾಲದಲ್ಲಿ, ಎಳ್ಳ ಅಮಾವಾಸ್ಯೆಗೆ, ಹೊಲದಲ್ಲಿ ಬೆಳೆದ ಹಸಿ ಕಾಳು, ಸೊಪ್ಪು ಎಲ್ಲ ಕೂಡಿಸಿ ಕುದಿಸುವಂಥದ್ದು. ನೀಲಮ್ಮತ್ತಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

“ಯಪ್ಪಾ, ಶ್ರಾವಣದಾಗ ಭಜ್ಜಿ ಎಲ್ಲಿಂದ ಬಂತು?”

“ರಾಜರ ಮನ್ಯಾಗ ಎಲ್ಲಾ ಸಿಗ್ತದವ್ವಾ.”

“ಎಷ್ಟು ಉಣ್ತಾನ ಅಂವಾ? ಹೆಂಡ್ತೀನ ಹೊರಗ ಹಾಕಿ ಬಂದಾನ, ಗಂಟಲದಾಗ ತುತ್ತು ಹ್ಯಾಂಗ ಇಳೀಲತ್ತದ?”

ಹೆಂಗಸರು ಕಿಸಕ್ಕೆಂದರು. ಬೀಗ ಗಂಟಲು ಸರಿಮಾಡಿಕೊಂಡ. “ಈ ಊಟದ ಅಧ್ಯಾಯ ನಮ್ಮ ಕಡಿ ಪುಸ್ತಕದಾಗ ಇಲ್ರೀ. ಸ್ವಲ್ಪ ಕೈ ತಗೀರಿ, ನೋಡ್ತೀನಿ” ಅಂದ. ಮುತ್ಯಾ ಕೈ ತೆಗೆಯಲಿಲ್ಲ. ನನ್ನನ್ನು ನೋಡಿದ. ಅಷ್ಟು ವರ್ಷ ಊರಿಗೆ ಕಥೆ ಹೇಳಿದವನ ಮಾನ ಆ ಅಂಗೈಯ ಕೆಳಗಿತ್ತು. ನನಗೆ ಗೊತ್ತು, ಅಲ್ಲಿ ಅಕ್ಷರ ಇಲ್ಲ. ಮುಂದೇನು ಎಂದು ಕೇಳಿದರೆ ಅವನು ಸತ್ತ. ಏನು ಕೇಳಬೇಕು? ನನಗೆ ತೋಚಿದ್ದು ಒಂದೇ. ಇಷ್ಟು ಅಡುಗೆಯನ್ನು ರಾಜ ತಾನೇ ಎದ್ದು ಬಡಿಸಿಕೊಳ್ಳುತ್ತಿದ್ದಾನೆಯೇ?

“ಹೂಂ” ಅಂದೆ. “ಮುತ್ಯಾ, ನೀಡ್ಲತ್ತಾಕಿ ಯಾರು?”

ಮುತ್ಯಾನ ಮುಖ ನೋಡಬೇಕಿತ್ತು. ಬೆಳಕಿಂಡಿ ಇನ್ನೊಂದು ತೆರೆದಂತಾಯಿತು.

“ಭಲೆ! ಅದನ್ನೇ ಹೇಳಲಕ ಬಂದಿದ್ದೆ. ನೀಡಾಕಿ ಮುಖದ ಮ್ಯಾಲ ಸೆರಗಿತ್ತು. ಹೊಸಾ ಅಡಗಿಯಾಕಿ ಅಂತ ರಾಜಾ ತಲಿ ಎತ್ತಿ ನೋಡಿದ್ದಿಲ್ಲ. ಹೋಳಿಗಿ ನೀಡಲಕ ಬಂದ್ಳು. ಎಲ್ಲಾರೂ ಹೋಳಿಗಿ ನೀಡಿ ಮ್ಯಾಲ ತುಪ್ಪ ಹಾಕ್ತಾರ. ಆಕಿ ಮೊದಲ ತಾಟಿನಾಗ ತುಪ್ಪ ಹಾಕಿದ್ಳು, ತುಪ್ಪದ ಮ್ಯಾಲ ಹೋಳಿಗಿ ಇಟ್ಟಳು. ರಾಜನ ಕೈ ಅಲ್ಲೇ ನಿಂತು. ಹಂಗ ನೀಡಾಕಿ ಲೋಕದಾಗ ಒಬ್ಬಾಕೀನೇ ಇದ್ದಳು...”

ಹೆಂಗಸರೆಲ್ಲ ಅಡುಗೆಮನೆಯ ಕಡೆ ತಿರುಗಿದರು. ಯಾಕೆಂದರೆ ತುಪ್ಪ ಮೊದಲು ಹಾಕಿ ಹೋಳಿಗೆ ಆಮೇಲೆ ಇಡುವವಳು ನಮ್ಮ ಅವ್ವ. ಹಬ್ಬ ಬಂದಾಗೆಲ್ಲ ನೀಲಮ್ಮತ್ತಿ, “ಇದ್ಯಾವ ಊರಿನ ಪದ್ಧತವ್ವಾ, ತುಪ್ಪೆಲ್ಲ ತಾಟು ಕುಡೀತದ” ಎಂದು ಅವಳಿಗೆ ಬೈಯದೆ ಬಿಡುತ್ತಿರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಮಾವನ ಬಾಯಿಂದ ತಾನು ಪುರಾಣದೊಳಗೆ ಹೋದದ್ದನ್ನು ಕೇಳಿ ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಓಡಿದಳು. ರಾಜ ಎದ್ದ, ಕೈ ತೊಳೆದ, ರಾಣಿಯ ಕಾಲು ಹಿಡಿದ, ಮುತ್ಯಾ ಸರಸರ ತೂತು ದಾಟಿ ಆಚೆ ದಡದ ಸಾಲಿಗೆ ಬೆರಳಿಟ್ಟ. ಹೆಂಗಸರೆಲ್ಲ ಕಣ್ಣು ಒರೆಸಿಕೊಂಡರು. ಬೀಗನೂ ಒರೆಸಿಕೊಂಡ. ಹೋಗುವಾಗ ಪುಸ್ತಕವನ್ನು ಕೇಳಿದ, ಆ ಅಧ್ಯಾಯ ಬರೆದುಕೊಳ್ಳಲಿಕ್ಕೆ ಬೇಕಂತೆ. “ಇದು ಜಗಲಿ ಬಿಟ್ಟು ಹೋಗಂಗಿಲ್ರೀ” ಎಂದು ಮುತ್ಯಾ ಕೈ ಮುಗಿದ. ಮುಂದಿನ ಹಬ್ಬಕ್ಕೆ ನೀಲಮ್ಮತ್ತಿ ಬಡಿಸಲು ಬಂದಾಗ ತುಪ್ಪ ಮೊದಲು ಬಿತ್ತು.  ಅವಳ ಮುಖ ನೋಡಿ ಏನಾದರೂ ಅನ್ನುವ ಧೈರ್ಯ ಯಾರಿಗಿತ್ತು?

ಮಂದಿ ಹೋದ ಮೇಲೆ ಮುತ್ಯಾ ಪುಸ್ತಕ ಮಡಿಚಿ ನನ್ನನ್ನು ಹತ್ತಿರ ಕರೆದ.

“ಏನಲೇ, ತೂತು ನಿನಗ ಯಾವಾಗಿಂದ ಕಾಣ್ಲತ್ತಾವ?”

“ತೊಗರಿಕಿಂತ ಮೊದಲಿಂದ.”

“ಮತ್ತ ಸುಮ್ಕ ಹೂಂ ಅಂದಿ?”

“ಹೂಂ.”

ಅವನು ನನ್ನ ತಲೆ ಸವರಿ ಹೇಳಿದ ಮಾತು ಇದು: “ಹೇಳಾಂವ ನಿಂತಾಗ, ಮುಂದೇನು ಅಂತ ಎಂದೂ ಕೇಳಬ್ಯಾಡ. ಮುಂದಿಂದು ಗೊತ್ತಿಲ್ಲಂತೇ ಅಂವಾ ನಿಂತಾನ. ಅವಗ ಗೊತ್ತಿದ್ದದ್ದು ಕೇಳು. ಕೈಯಾಗ ಏನದ, ತಾಟಿನಾಗ ಏನದ, ನೀಡಾಕಿ ಯಾರು. ಗೊತ್ತಿದ್ದದ್ದು ಹೇಳ್ತಾ ಹೇಳ್ತಾ ಗೊತ್ತಿಲ್ಲದ್ದು ತಾನೇ ಬಂದು ಬಾಜೂಕ ಕೂಡ್ತದ.” ಅಂದಿನಿಂದ ಮನೆಯಲ್ಲಿ ಯಾರು ಎಲ್ಲಿ ಸಿಕ್ಕಿಬಿದ್ದರೂ ಅದಕ್ಕೊಂದೇ ಮಾತು. ಅಪ್ಪ ಲೆಕ್ಕ ತಪ್ಪಿ ಕೂತರೆ ರಾಜ ಊಟಕ್ಕೆ ಕೂತ. ಶಾಲೆಯಲ್ಲಿ ಗುರುಗಳು ಪಾಡಾ, ಅಂದರೆ ಮಗ್ಗಿ ಕೇಳಿದಾಗ ನಾನು ಬಾಯಿ ತೆರೆದು ನಿಂತರೂ ರಾಜ ಊಟಕ್ಕೆ ಕೂತ. ಗುರುಗಳಿಗೆ ಆ ಕಥೆ ಗೊತ್ತಿಲ್ಲದ್ದರಿಂದ ಅಲ್ಲಿ ಮಾತ್ರ ಛಡಿ ಏಟು ಬೀಳುತ್ತಿತ್ತು.

ಈಗ ನಾವು ನಿಲಂಗಾದಲ್ಲಿದ್ದೇವೆ, ಮಗನ ಅಂಗಡಿಯ ಮೇಲಿನ ಮನೆಯಲ್ಲಿ. ಶ್ರದ್ಧಾ ಉದಗೀರದ ಕಾಲೇಜಿನಲ್ಲಿ ಓದುತ್ತಾಳೆ. ಶಾಲೆಯೆಲ್ಲ ಮರಾಠಿಯಾದ್ದರಿಂದ ನನ್ನನ್ನು ಆಜೋಬಾ ಅನ್ನುತ್ತಾಳೆ. ಕನ್ನಡ ಅಕ್ಷರ ಕಲಿಸಿದವಳು ಭಾಲ್ಕಿಯಿಂದ ಬಂದ ಅವಳ ತಾಯಿ ಮಹಾದೇವಿ, ನನ್ನ ಸೊಸೆ. ಕಲಿಸಿದ್ದಕ್ಕೆ ದಿನವೂ ಪಶ್ಚಾತ್ತಾಪ ಪಡುತ್ತಾಳೆ. ಹುಡುಗಿಯ ಕೈಯಲ್ಲಿ ಪುಸ್ತಕವಿದ್ದರೆ ಹಾಲು ಉಕ್ಕಿ ಒಲೆ ಆರಿದರೂ ಅವಳಿಗೆ ಕಾಣುವುದಿಲ್ಲ. ನನ್ನ ರಕ್ತ! ಕಥೆ ಬರೆಯುವುದು ಕನ್ನಡದಲ್ಲಿ. ಅವ್ವನ ಬೈಗುಳ ಮರಾಠಿಯಲ್ಲಿ ಕೂಡುವುದಿಲ್ಲವಂತೆ. ಗಡಿಯ ಕನ್ನಡ ಮಂದಿ ಕೂಡಿ ಉದಗೀರದಲ್ಲಿ ಹುಡುಗರಿಂದ ಅವರವರ ಕಥೆ ಓದಿಸುತ್ತೇವೆ ಎಂದಾಗ ಕುಣಿದು ಹೆಸರು ಕೊಟ್ಟಳು. ರಜೆಗೆ ಮನೆಗೆ ಬಂದು, ಬರೆಯಲು ಕೂತು, ಅರ್ಧಕ್ಕೆ ನಿಂತಳು. ಬರೆಯುವುದು, ಹರಿಯುವುದು, ಬರೆಯುವುದು, ಹರಿಯುವುದು. ಊಟ ಬಿಟ್ಟಳು, ಮಾತು ಬಿಟ್ಟಳು. ಕಡೆಗೆ ಒಂದು ದಿನ ಮೋರೆ ಊದಿಸಿಕೊಂಡು ಫೋನು ಕೈಯಲ್ಲಿ ಹಿಡಿದು ಕೂತಿದ್ದಳು.

“ಏನಾತವ್ವಾ?”

“ಆಕಿ ಬಸ್ ಹತ್ತವಲ್ಲಳು, ಆಜೋಬಾ.”

“ಯಾರು?”

“ನನ್ನ ಕಥ್ಯಾನ ಹುಡುಗಿ. ಮನ್ಯಾಗ ಸುಳ್ಳು ಹೇಳಿ ನಿಲಂಗಾ ಸ್ಟ್ಯಾಂಡಿಗಿ ಬಂದಾಳ. ಒಬ್ಬ ಹುಡುಗನ ಜೋಡಿ ಓಡಿ ಹೋಗಾಕಿ. ಅಂವಾ ಇನ್ನಾ ಬಂದಿಲ್ಲ. ಬಸ್ ಬಂದು ನಿಂತದ. ಮುಂದ ನಾ ಏನು ಬರದ್ರೂ ಸುಳ್ಳ ಅನಸ್ತದ. ಜಾವೂ ದೇ, ಹೋಗ್ಲಿ ಬಿಡು. ನನ್ನ ಹೆಸರು ತಗೀರಿ ಅಂತ ಫೋನ್ ಮಾಡ್ತೀನಿ. ಇದು ನನ್ನ ಕೆಲಸ ಅಲ್ಲ. ಇನ್ನ ಎಂದೂ ಬರೆಯಂಗಿಲ್ಲ.”

ಮಹಾದೇವಿ ಒಳಗಿನಿಂದಲೇ ಕೂಗಿದಳು: “ಹತ್ತಲಿಲ್ಲಂದ್ರ ಕಂಡಕ್ಟರ್ ಬೆಲ್ ಹೊಡದು ಹೋಗ್ತಾನ. ಅದಕ್ಕ ಉಪಾಸ ಯಾಕ ಬೀಳ್ಬೇಕು?”

ಮೊದಲು ನಾನೂ ಮೂರ್ಖನಂತೆ ಮುಂದಿನದನ್ನು ಹೇಳಿಕೊಟ್ಟೆ. ಕಳ್ಳ ಬಂದು ಚೀಲ ಕಿತ್ತುಕೊಳ್ಳಲಿ ಅಂದೆ. ಹುಡುಗನ ಗಾಡಿ ಪಂಕ್ಚರ್ ಆಗಲಿ ಅಂದೆ. ಹುಡುಗ ಅವಳ ಸೋದರಮಾವನ ಮಗನೇ ಎಂದು ಗೊತ್ತಾಗಲಿ ಅಂದೆ. ಅವಳು ದಿಂಬಿನೊಳಗೆ ಮುಖ ಹುಗಿದುಕೊಂಡು, “ಆಜೋಬಾ, ಪ್ಲೀಜ್” ಅಂದಳು. ಆಗ ನನಗೆ ಬೆಳಕಿಂಡಿ ನೆನಪಾಯಿತು. ಥೂ, ಮುತ್ಯಾ ಕೇಳಿದ್ದರೆ ಏನಂದುಕೊಳ್ಳುತ್ತಿದ್ದ! ಫೋನನ್ನು ನಾಳೆ ಮಾಡುವಿಯಂತೆ ಎಂದು ಒಪ್ಪಿಸಿದೆ. ಮರುದಿನ ಬೆಳಿಗ್ಗೆ ಅವಳ ಮೇಜಿನ ಆಚೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. ಬರೆದಷ್ಟನ್ನು ಓದು ಅಂದೆ. ಬೇಸರದಿಂದಲೇ ಓದಿದಳು. ಸಾಲು ಸಾಲಿಗೂ ಹೂಂ ಅಂದೆ. ಮೊದಲು ನಕ್ಕಳು, ಆಮೇಲೆ ನಗಲಿಲ್ಲ, ಆಮೇಲೆ ನನ್ನ ಹೂಂ ಬರುವ ತನಕ ತಾನೇ ಕಾಯತೊಡಗಿದಳು. ಬಸ್ಸು ಬಂದು ನಿಂತಿತು. ಅವಳೂ ನಿಂತಳು.

“ಹೂಂ” ಅಂದೆ. “ಆಕಿ ಕೈಯಾಗ ಏನದ?”

“ಚೀಲ.”

“ಚೀಲದಾಗ?”

“ಎರಡು ಡ್ರೆಸ್. ಡಬ್ಬಿ.”

“ಡಬ್ಬಿ ಕಟ್ಟಿದಾಕಿ ಯಾರು?”

“ಆಕಿ ಅವ್ವ. ಮೈತ್ರಿಣಿ ಊರಿಗಿ ಹೋಗ್ತೀನಿ ಅಂತ ಸುಳ್ಳ ಹೇಳಿದ್ಳಲ್ಲ, ಅದಕ.”

“ಉಂಡಾಳೇನು ಪಾಪ?”

ಶ್ರದ್ಧಾ ತಲೆ ಎತ್ತಿದಳು. ನನ್ನನ್ನು ನೋಡುತ್ತಿದ್ದಳು, ಆದರೆ ನಾನು ಅವಳಿಗೆ ಕಾಣುತ್ತಿರಲಿಲ್ಲ. ಪೆನ್ನು ಎತ್ತಿದಳು. ಅವಳು ಓದಿ ಹೇಳಬೇಕಾಗಿರಲಿಲ್ಲ, ನಾನು ನನ್ನ ಜಾಗದಲ್ಲಿದ್ದೆ. ಅಕ್ಷರಗಳು ತಲೆ ಕೆಳಗೆ, ಬಲದಿಂದ ಎಡಕ್ಕೆ, ನನ್ನ ಹಳೆಯ ಗೆಳೆಯರಂತೆ ಒಂದೊಂದಾಗಿ ಬಂದವು. ಹುಡುಗಿ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚುತ್ತಾಳೆ. ಹೂಂ. ರೊಟ್ಟಿ ತೆಗೆಯುತ್ತಾಳೆ. ಹೂಂ. ಅದರ ಕೆಳಗೆ ಇನ್ನೂ ರೊಟ್ಟಿ. ಪಲ್ಲೆಯೂ ಹೆಚ್ಚು. ಹೂಂ. ಆಮೇಲೆ ಬಂದ ಸಾಲು: ಅವ್ವ ಇಬ್ಬರಿಗೆ ಆಗುವಷ್ಟು ಕಟ್ಟಿದ್ದಳು.

ನನಗೆ ಹೂಂ ಬರಲಿಲ್ಲ.  ತಾಯಿಗೆ ಎಲ್ಲ ಗೊತ್ತಿತ್ತು! ಗೊತ್ತಿದ್ದೂ ಬೈಯಲಿಲ್ಲ, ತಡೆಯಲಿಲ್ಲ, ಆ ಹುಡುಗನಿಗೂ ಸೇರಿಸಿ ಕಟ್ಟಿದಳು! ಇನ್ನು ಆ ಹುಡುಗಿ ಬಸ್ಸು ಹತ್ತುವುದು ಹ್ಯಾಗೆ? ಶ್ರದ್ಧಾ ತಲೆ ಎತ್ತದೆ ಬೈದಳು:

“ಆಜೋಬಾ! ಹೂಂ ಅನ್ನು! ನಿಲ್ಲಿಸಬ್ಯಾಡ!”

“ಹೂಂ” ಅಂದೆ. ಮೂಗು ಒರೆಸಿಕೊಂಡು ಮತ್ತೊಮ್ಮೆ, “ಹೂಂ.”

ಹುಡುಗಿ ಕೊನೆಗೆ ಏನು ಮಾಡಿದಳೆಂದು ನಾನು ಹೇಳುವುದಿಲ್ಲ. ಅದು ಶ್ರದ್ಧಾಳ ಕಥೆ, ಅವಳೇ ಹೇಳಬೇಕು. ರವಿವಾರ ಉದಗೀರದಲ್ಲಿ ಹೇಳಿದಳು. ಸಭೆ ತುಂಬ ಮಂದಿ. ವೇದಿಕೆಯ ಮೇಲೆ ನನ್ನ ಕೂಸು, ಕೈಯಲ್ಲಿ ಹಾಳೆ. ಈಗಿನ ಸಭೆಗಳಲ್ಲಿ ಮಂದಿ ಬಹಳ ಶಿಸ್ತಿನಿಂದ ಸುಮ್ಮನೆ ಕೂಡುತ್ತಾರೆ. ಮೊದಲ ಸಾಲು ಓದಿದಳು, ಸದ್ದಿಲ್ಲ. ಎರಡನೆಯದು ಓದಿದಳು, ಸದ್ದಿಲ್ಲ. ದನಿ ಸಣ್ಣದಾಯಿತು, ನಿಂತೇಬಿಟ್ಟಿತು. ಮಹಾದೇವಿ ನನ್ನ ತೋಳನ್ನು ಹಿಡಿದು, “ಮಾವಾ, ಸುಮ್ಕ ಕೂಡ್ರಿ, ಮಂದಿ ಅದಾರ” ಎನ್ನುವಷ್ಟರಲ್ಲಿ ನಾನು ಸಭೆಗೆಲ್ಲ ಕೇಳುವಂತೆ “ಹೂಂ!” ಅಂದೇಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಶ್ರದ್ಧಾ ನಕ್ಕಳು. ಓದಿದಳು. ಹೂಂ. ಓದಿದಳು. ಹೂಂ. ಡಬ್ಬಿ ಬಿಚ್ಚುವ ಹೊತ್ತಿಗೆ ಹಿಂದಿನ ಸಾಲಿನಿಂದ ಇನ್ನೊಬ್ಬ ಮುದುಕ ಹೂಂ ಅಂದ. ಆಮೇಲೆ ಒಬ್ಬ ಮುದುಕಿ. ಎಲ್ಲರೂ ಗಡಿಯ ಹಳ್ಳಿಯವರೇ ಅಲ್ಲವೇ, ಎಲ್ಲರ ಮನೆಯಲ್ಲೂ ಒಬ್ಬ ಹೇಳುವವನು ಇದ್ದವನೇ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಸಭೆಗೆ ಸಭೆಯೇ ಹೂಂ ಅನ್ನುತ್ತಿತ್ತು. ಚಪ್ಪಾಳೆ ಆಮೇಲೆ ಬಿತ್ತು, ಅದು ಬಿಡಿ, ಅದು ಎಲ್ಲರಿಗೂ ಬೀಳುತ್ತದೆ. ನಾನು ಅಳುತ್ತಿದ್ದೆ, ನಗುತ್ತಿದ್ದೆ, ಮಗ್ಗುಲಲ್ಲಿದ್ದ ಗುರುತಿಲ್ಲದವನ ಬೆನ್ನಿಗೆ ಗುದ್ದುತ್ತಿದ್ದೆ. ಬಸ್ಸಿನಲ್ಲಿ ಬರುವಾಗ ಮಹಾದೇವಿಯೂ ಕಣ್ಣು ಒರೆಸಿಕೊಂಡಳು. ಆಮೇಲೆ ಮಗಳಿಗೆ ಹೇಳಿದ್ದು ಇಷ್ಟೇ:

“ಡಬ್ಬ್ಯಾಗ ಹಿಂಡಿ ಹಾಕಿದ್ದು ಯಾಕ ಬರೆದಿಲ್ಲ? ಬರೇ ರೊಟ್ಟಿ-ಪಲ್ಯ ಕಟ್ಟ್ಯಾಳ ಅಂತ ಮಂದಿ ಏನಂದ್ಕೋಬೇಕು?”

ಇದನ್ನೆಲ್ಲ ಬರೆದಿಡು ಎಂದು ಗಂಟುಬಿದ್ದವಳು ಶ್ರದ್ಧಾಳೇ. ಈಗ ಮೇಜಿನ ಆಚೆ ಅವಳು ಕೂತಿದ್ದಾಳೆ, ಈಚೆ ನಾನು. ತಲೆಕೆಳಗಿನ ಓದು ಅವಳಿಗೆ ಇನ್ನೂ ಹತ್ತಿಲ್ಲ, ನನ್ನ ಒಂದು ಸಾಲಿಗೆ ಕತ್ತನ್ನು ಕೊಕ್ಕರೆಯಂತೆ ತಿರುವುತ್ತಾಳೆ, ತಡವಾಗಿ ಹೂಂ ಅನ್ನುತ್ತಾಳೆ. ಇಲ್ಲಿಯ ತನಕ ನಡೆದು ಬಂತು. ಆದರೆ ಇದನ್ನು ಮುಗಿಸುವುದು ಹೇಗೆ ಎಂದು ನನಗೆ ಹೊಳೆಯುತ್ತಿಲ್ಲ. ಮುತ್ಯಾನ ಬಗ್ಗೆ ಒಂದು ದೊಡ್ಡ ಮಾತು ಹೇಳಬೇಕೆಂದು ಪೆನ್ನು ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಅವಳು ನೋಡಿದಳು.

“ಹೂಂ” ಅಂದಳು. “ಆಜೋಬಾ, ಒಳಗಿಂದ ಏನು ವಾಸನಿ ಬರ್ಲತ್ತದ?”

“ಹೋಳಿಗಿ.”

“ನೀಡಾಕಿ ಯಾರು?”

ಮಹಾದೇವಿ ಒಳಗಿನಿಂದ ಕೂಗುತ್ತಿದ್ದಾಳೆ, ಆರಿ ಹೋಗುತ್ತದಂತೆ. ನಾನು ಕೂತಲ್ಲಿಂದ ಅಡುಗೆಮನೆಯ ಬಾಗಿಲು ಕಾಣುತ್ತದೆ. ಹಾಕಿಟ್ಟ ತಾಟಿನಲ್ಲಿ ಮೊದಲು ತುಪ್ಪ ಬಿತ್ತು, ಅದರ ಮೇಲೆ ಹೋಳಿಗೆ. ಇನ್ನು ಬರೆಯಲಾಗುವುದಿಲ್ಲ. ರಾಜ ಊಟಕ್ಕೆ ಕೂತ.